ಚಾಕುವಿಗಿಂತ ಮೊದಲು ಚಿತ್ರ

ಆಪಾ ತೀರಿಕೊಂಡ ಸುದ್ದಿ ಗೋವಾದ ಸಾವರ್ಡೆಯಿಂದ ಫೋನಿನಲ್ಲಿ ಬಂತು. ಹೇಳಿದವಳು ನನ್ನ ಹಳೆಯ ಪೇಶಂಟ್ ಒಬ್ಬರ ಮಗಳು. “ಕಡೀತನಕಾ ಯಾರ ಮಾತೂ ಕೇಳಲಿಲ್ರಿ ಸಾಹೇಬ್ರ,” ಎಂದಳು. ಆಪಾನನ್ನು ಬಲ್ಲವರ ಬಾಯಲ್ಲಿ ಇದು ದೂರಲ್ಲ, ಹೊಗಳಿಕೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಕೊಂಕಣಿ ಆಯಾಗಳಿಗೆ, ಮರಾಠಿ ಪ್ಯೂನರಿಗೆ, ನಿವೃತ್ತಿಯ ಅಂಚಿಗೆ ಬಂದಿದ್ದ ನಮ್ಮ ರೇಡಿಯಾಲಜಿಸ್ಟ್ ಸಾಹೇಬರಿಗೆ, ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ನನಗೂ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡ ಬಿಟ್ಟು ಗೋವಾಕ್ಕೆ ಹೋದೆ. ಕಿವಿ, ಮೂಗು, ಗಂಟಲಿನ ವೈದ್ಯಕೀಯ ಓದು ಆಗಷ್ಟೇ ಮುಗಿದಿತ್ತು. ದಕ್ಷಿಣ ಗೋವಾದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಿರಿಯ ಸರ್ಜನ್ ಕೆಲಸ ಸಿಕ್ಕಿತು. ಆ ಆಸ್ಪತ್ರೆ ಈಗ ಇಲ್ಲ. ಗಣಿಯ ಲಾರಿಯವರು, ಬಂದರಿನ ಹಮಾಲರು, ಗಾರೆ ಕೆಲಸದವರು ಅಲ್ಲಿಗೆ ಬರುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಬಿಜಾಪುರ, ಬಾಗಲಕೋಟೆ ಕಡೆಯವರು. ಊರು ಬಿಟ್ಟೆನೆಂದು ನನಗೆ ಅನಿಸಲೇ ಇಲ್ಲ.

ಮೊದಲ ವಾರ ಎಕ್ಸ್‌ರೇ ಕೋಣೆಗೆ ಹೋದಾಗ ಆಪಾ ಒಬ್ಬ ಮುದುಕಿಯ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲೆ ಓರೆಯಾಗಿ ಇಡುತ್ತಿದ್ದರು. ನನ್ನತ್ತ ತಿರುಗಿದರು. ಮುಖದ ಎಡ ಅರ್ಧ ಅಲುಗುತ್ತಿರಲಿಲ್ಲ. ತುಟಿಯ ಎಡ ಮೂಲೆ ಕೆಳಗೆ ಜಾರಿತ್ತು, ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಅದರಿಂದ ನೀರು ಸೋರುತ್ತಿತ್ತು. ವೈದ್ಯನಾಗಿದ್ದರೂ ನನ್ನ ಕಣ್ಣು ತಾನಾಗಿ ನೆಲ ನೋಡಿತು.

“ಮ್ಯಾಲ ನೋಡ್ರಿ ಡಾಕ್ಟ್ರ,” ಎಂದರು. “ಪೂರಾ ನೋಡ್ರಿ. ಅರ್ಧಾ ನೋಡಿ ಕಣ್ಣ ತಗದ್ರ ನಾಳೆ ಪೇಶಂಟಿಗೂ ಹಂಗ ಮಾಡ್ತೀರಿ.”

ಆಗ ಅವರಿಗೆ ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಚಹಾ ಕುಡಿಯುವಾಗ ಎಡ ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ‘ಪ’, ‘ಬ’ ಅಕ್ಷರಗಳಿಗೆ ಸ್ವಲ್ಪ ಗಾಳಿ ಸೋರುತ್ತಿತ್ತು. ಸೆರಗನ್ನು ಆ ಕಡೆಗೆ ಎಳೆದುಕೊಳ್ಳಿ ಎಂದು ಹೇಳಿದ ಹೆಂಗಸರಿಗೆ, “ಈ ಮಾರಿ ನಾ ಕದ್ದು ತಂದಿಲ್ಲ,” ಎಂದು ಹೇಳಿ ಸುಮ್ಮನಾಗಿಸುತ್ತಿದ್ದರು. ಆಸ್ಪತ್ರೆಯ ಗುರುತಿನ ಚೀಟಿಗೆ ಫೋಟೋ ತೆಗೆಯಲು ಬಂದವನು ದಾಕ್ಷಿಣ್ಯದಿಂದ, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಡೆ ಚೆನ್ನಾಗಿ ಬರುತ್ತದೆ ಎಂದಿದ್ದನಂತೆ. ಆಪಾ ತಿರುಗಲಿಲ್ಲ. “ನೀ ನೆಟ್ಟಗ ತಗಿ. ಎಡಾ ಬಲಾ ಎರಡೂ ಬರದಿದ್ರ ಅದು ಚಿತ್ರ ಅಲ್ಲಪ್ಪ,” ಎಂದರಂತೆ. ಆ ಚೀಟಿಯನ್ನು ಕೊನೆಯವರೆಗೂ ಕೊರಳಲ್ಲಿ ತೂಗುಹಾಕಿಕೊಂಡೇ ಓಡಾಡಿದರು.

ಕೆಲಸದಲ್ಲಿ ಅವರಷ್ಟು ನುರಿತವರನ್ನು ನಾನು ಆಮೇಲೂ ನೋಡಿಲ್ಲ. ಕಿವಿಯ ಮುಂದೆ, ಕೆನ್ನೆಯ ಚರ್ಮದ ಕೆಳಗೆ ಜೊಲ್ಲಿನ ದೊಡ್ಡ ಗ್ರಂಥಿ ಇರುತ್ತದೆ. ಅದರ ಕೊಳವೆ ಬಾಯಿಯೊಳಗೆ ಮೇಲಿನ ದವಡೆ ಹಲ್ಲಿನ ಎದುರು ತೆರೆದುಕೊಳ್ಳುತ್ತದೆ. ಬಾಯಿ ಸೂಜಿಮೊನೆಯಷ್ಟೇ. ಅದರೊಳಗೆ ಕೂದಲಿನಂಥ ನಳಿಕೆ ತೂರಿಸಿ, ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆದರೆ ಗ್ರಂಥಿಯ ಕೊಳವೆಗಳೆಲ್ಲ ಎಲೆಯುದುರಿದ ಮರದ ಕೊಂಬೆಗಳ ಹಾಗೆ ಫಿಲ್ಮಿನ ಮೇಲೆ ಮೂಡುತ್ತವೆ. ಒಳಗೆ ಗಡ್ಡೆ ಇದ್ದರೆ ಕೊಂಬೆಗಳು ಅದನ್ನು ಬಳಸಿಕೊಂಡು ಬಾಗಿರುತ್ತವೆ, ಚೆಂಡು ಹಿಡಿದ ಬೆರಳುಗಳಂತೆ. ನಿಯಮದ ಪ್ರಕಾರ ನಳಿಕೆ ತೂರಿಸಬೇಕಾದವರು ರೇಡಿಯಾಲಜಿಸ್ಟ್. ನಮ್ಮ ಮುದಿ ಸಾಹೇಬರ ಕೈ ನಡುಗುತ್ತಿತ್ತು. ಅವರು ಪಕ್ಕದಲ್ಲಿ ನಿಲ್ಲುತ್ತಿದ್ದರು, ಆಪಾ ತೂರಿಸುತ್ತಿದ್ದರು. ತಟ್ಟೆಯಲ್ಲಿ ಲಿಂಬೆಹೋಳು ಯಾವಾಗಲೂ ಸಿದ್ಧ. ಪೇಶಂಟಿನ ನಾಲಿಗೆಗೆ ಹಚ್ಚಿದರೆ ಜೊಲ್ಲು ಹನಿಯುತ್ತದೆ, ಕೊಳವೆಯ ಬಾಯಿ ತಾನೇ ಕಾಣಿಸಿಕೊಳ್ಳುತ್ತದೆ. “ಹುಳಿ ತಿಂದವರ ಬಾಯಿ ಸುಳ್ಳ ಹೇಳಂಗಿಲ್ಲ,” ಎನ್ನುತ್ತಿದ್ದರು.

ಅವರ ಮುಖ ಹೀಗೇಕಾಯಿತೆಂದು ಕೇಳಲು ನನಗೆ ವರ್ಷ ಹಿಡಿಯಿತು. ಒಂದು ಮಧ್ಯಾಹ್ನ ಫಿಲ್ಮುಗಳು ಒಣಗುತ್ತಿದ್ದಾಗ ಕೇಳಿದೆ, ಹೇಳಿದರು. ಸಿಂದಗಿ ಕಡೆಯ ಹಳ್ಳಿ. ತಂದೆ ಸಾವರ್ಡೆಯಲ್ಲಿ ಅದಿರಿನ ಲಾರಿ ಹೊಡೆಯುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ಕಿವಿಯ ಕೆಳಗೆ ಗೋಲಿಯಷ್ಟು ಗಂಟು ಬಂತು. ನೋವಿಲ್ಲ, ಏನಿಲ್ಲ. ಯಾವುದೋ ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ಹತ್ತು ನಿಮಿಷದ ಕೆಲಸ ಎಂದರು. ಚಿತ್ರ ಇಲ್ಲ, ಪರೀಕ್ಷೆ ಇಲ್ಲ. ಎಚ್ಚರವಾದಾಗ ನೀರು ಕುಡಿಯಲು ಹೋದರೆ ನೀರೆಲ್ಲ ಎದೆಯ ಮೇಲೆ.

“ಮುಖಾ ಅಲಗಾಡಿಸೂ ನರ ಆ ಗ್ರಂಥಿ ನಡುವ ಹಾದು ಹೊಕ್ಕೈತಿ ಅಂತ ನನಗ ಗೊತ್ತಿರಲಿಲ್ರಿ. ಅವರಿಗೆ ಗೊತ್ತಿರಬೇಕಿತ್ತು,” ಎಂದರು. “ಮೊದಲ ಚಿತ್ರ ತಗದಿದ್ರ ಗಂಟು ಎಷ್ಟ ಆಳಕ ಐತಿ ತಿಳೀತಿತ್ತೇನ್ರಿ ಅಂತ ಕೇಳಿದೆ. ಆ ಡಾಕ್ಟ್ರು ನಕ್ರು. ಚಿತ್ರ ಮದಿವಿಗೆ ತಗಿಸ್ಕೋಬೇ ಅಂದ್ರು.”

ಆ ನಗುವಿಗೆ ಅವರು ಕೊಟ್ಟ ಉತ್ತರ ಅವರ ಬದುಕು. ಮನೆಯವರು ಬೇಡವೆಂದರೂ ಇದೇ ಆಸ್ಪತ್ರೆಗೆ ಆಯಾ ಆಗಿ ಸೇರಿದರು. ನೆಲ ಒರೆಸುತ್ತ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು ಕಲಿತರು, ರೇಡಿಯಾಲಜಿಸ್ಟ್ ಸಾಹೇಬರ ಬೆನ್ನು ಬಿದ್ದು ತಂತ್ರಜ್ಞರ ಪರೀಕ್ಷೆಗೆ ಕೂತರು, ಪಾಸಾದರು. ಗೊತ್ತುಮಾಡಿದ್ದ ಹುಡುಗನ ಕಡೆಯವರು ಮದುವೆಯನ್ನು ಮುಂದಕ್ಕೆ ಹಾಕುತ್ತ ಬಂದಾಗ ಇವರೇ ಹೋಗಿ, “ನಾನ ಬ್ಯಾಡ ಅಂತೀನಿ, ನಿಮಗ್ಯಾಕ ತ್ರಾಸ,” ಎಂದು ಹೇಳಿ ಬಂದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಮರುಕ ಇರಲಿಲ್ಲ. ಫಿಲ್ಮು ಒಣಗಿತೇ ಎಂದು ನೋಡಲು ಎದ್ದರು.

ಹುಸೇನಸಾಬರು ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಆಪಾ ತೀರಿಕೊಂಡ ಸುದ್ದಿ ಫೋನಿನಲ್ಲಿ ಹೇಳಿದವಳ ತಂದೆ ಇವರೇ. ಮುದ್ದೇಬಿಹಾಳದ ಕಡೆಯವರು. ಸಾವರ್ಡೆಯ ಅದಿರಿನ ಅಂಗಳದಲ್ಲಿ, ಕೆಂಪು ಧೂಳಿನೊಳಗೆ ಹಿಂದಕ್ಕೆ ಬರುವ ಲಾರಿಗಳಿಗೆ ಸೀಟಿ ಹೊಡೆದು ದಾರಿ ತೋರಿಸುವುದು ಅವರ ಕೆಲಸ. ಧೂಳಿನಲ್ಲಿ ಕೈ ಕಾಣುವುದಿಲ್ಲ, ಎಂಜಿನ್ನುಗಳ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಅವರು ತುಟಿ ಮಡಿಸಿ ಹೊಡೆಯುವ ಸೀಟಿಯನ್ನು ನಂಬಿ ಲಾರಿಗಳು ಹಿಂದೆ ಸರಿಯುತ್ತಿದ್ದವು, ನಿಲ್ಲುತ್ತಿದ್ದವು. ಅವರ ಬಲಗಿವಿಯ ಕೆಳಗೆ ನಾಲ್ಕು ವರ್ಷದಿಂದ ಒಂದು ಗಂಟು ಮೆಲ್ಲಗೆ ಬೆಳೆದು ಲಿಂಬೆಹಣ್ಣಿನಷ್ಟಾಗಿತ್ತು.

ನಮ್ಮ ಹಿರಿಯ ಸರ್ಜನ್ ಗೋವಾದವರೇ, ಹೆಸರುವಾಸಿಯಾದ ಕೈ. “ನನ್ನ ಬೆರಳೇ ನನ್ನ ಎಕ್ಸ್‌ರೇ,” ಎಂದು ಹೇಳಿಕೊಳ್ಳುತ್ತಿದ್ದರು. ಗಂಟನ್ನು ಒತ್ತಿ ನೋಡಿದರು. ಮೇಲ್ಮೈಯ ಗಡ್ಡೆ, ಶುಕ್ರವಾರ ತೆಗೆಯೋಣ ಎಂದರು. ಅರಿವಳಿಕೆಗೆ ಮೊದಲು ಎದೆಯ ಎಕ್ಸ್‌ರೇ ಕಡ್ಡಾಯವಾದ್ದರಿಂದ ಮಂಗಳವಾರ ಹುಸೇನಸಾಬರನ್ನು ಆಪಾ ಬಳಿಗೆ ಕಳಿಸಿದರು.

ಅರ್ಧ ಗಂಟೆಯಲ್ಲಿ ಆಪಾ ನನ್ನನ್ನು ಕರೆಸಿದರು.

“ಇವರ ಮಾತು ಕೇಳ್ರಿ ಡಾಕ್ಟ್ರ. ಬಾಯಾಗ ಬಿಸಿ ಅನ್ನ ಇಟಗೊಂಡು ಮಾತಾಡಿದಂಗ ಐತಿ. ನುಂಗಾಕ ಹೋದ್ರ ಏನೋ ತಡೀತೈತಿ ಅಂತಾರ. ಇದನ್ನ ಯಾರ ಕೇಳೀರಿ?”

ಯಾರೂ ಕೇಳಿರಲಿಲ್ಲ. ಆಪಾ ಟಾರ್ಚನ್ನು ನನ್ನ ಕೈಗಿತ್ತರು. ಬಾಯಿ ತೆರೆಸಿ ನೋಡಿದೆ. ಗಂಟಲಿನ ಬಲಗೋಡೆ, ಟಾನ್ಸಿಲ್ ಸಮೇತ, ನಡುವಿಗೆ ಉಬ್ಬಿಕೊಂಡಿತ್ತು. ಹೊರಗೆ ಕಾಣುತ್ತಿದ್ದದ್ದು ಗಡ್ಡೆಯ ಒಂದು ತುದಿ ಮಾತ್ರ. ಇನ್ನೊಂದು ತುದಿ ದವಡೆ ಎಲುಬಿನ ಹಿಂದಿನಿಂದ ನುಸುಳಿ ಗಂಟಲಿನ ತನಕ ಹೋಗಿರಬೇಕು. ಹಾಗೆ ಆಳದಿಂದ ಬೆಳೆದ ಗಡ್ಡೆ ಮುಖದ ನರವನ್ನು ಹೊರಕ್ಕೆ, ಚರ್ಮದ ಕಡೆಗೆ ತಳ್ಳಿರುತ್ತದೆ. ಮೇಲ್ಮೈಯ ಗಂಟೆಂದು ನಂಬಿ ಕೊಯ್ದರೆ ಚಾಕು ಗಡ್ಡೆಗಿಂತ ಮೊದಲು ನರಕ್ಕೆ ತಾಗುತ್ತದೆ.

ಬುಧವಾರ ಬೆಳಿಗ್ಗೆ ಮುದಿ ಸಾಹೇಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆಪಾ ಬಣ್ಣ ಬಿಟ್ಟು ಚಿತ್ರ ತೆಗೆದರು. ಕೊಂಬೆಗಳು ಬಾಗಿದ್ದವು, ಆದರೆ ಗಡ್ಡೆಯ ಆಳ ತಿಳಿಯಲಿಲ್ಲ. ಅಲ್ಟ್ರಾಸೌಂಡ್‌ಗೂ ದವಡೆ ಎಲುಬು ಅಡ್ಡ. ಉಳಿದದ್ದು ಸಿಟಿ ಸ್ಕ್ಯಾನ್ ಒಂದೇ. ಅದು ಪಣಜಿಯ ಒಂದು ಕೇಂದ್ರಕ್ಕೆ ಹೊಸದಾಗಿ ಬಂದಿತ್ತು. ಗುರುವಾರಕ್ಕೊಬ್ಬ ಪೇಶಂಟನ್ನು ಅವರು ನಮ್ಮ ಆಸ್ಪತ್ರೆಗಾಗಿ ಬಿಟ್ಟಿಯಾಗಿ ನೋಡುತ್ತಿದ್ದರು. ಅರ್ಜಿಗೆ ಒಬ್ಬ ಸರ್ಜನ್ನರ ಸಹಿ ಬೇಕಿತ್ತು, ಯಾವಾಗಲೂ ಹಾಕುತ್ತಿದ್ದವರು ಹಿರಿಯರೇ.

ವಾರ್ಡಿನ ಸುತ್ತಾಟದ ವೇಳೆ ಆಪಾ ಫಿಲ್ಮು ಹಿಡಿದು ಬಂದರು. ಹಿರಿಯರು ಕೈಗೆ ತೆಗೆದುಕೊಳ್ಳಲಿಲ್ಲ.

“ಕಿತೆಂ ಜಾಲೆಂ?” ಎಂದರು, ಏನಾಯಿತೀಗ ಎನ್ನುವ ಬೇಸರದಲ್ಲಿ. ಆಪಾ ಮುರುಕು ಕೊಂಕಣಿಯಲ್ಲಿ ಎಲ್ಲ ಹೇಳಿದರು. ಅವರು ಪೂರ್ತಿ ಕೇಳಿಸಿಕೊಳ್ಳದೆ ಹಿಂದಿಗೆ ಹೊರಳಿ, ಗುಂಡಿ ಒತ್ತುವವರು ಗುಂಡಿ ಒತ್ತಬೇಕು, ರೋಗ ಹೇಳುವುದು ಡಾಕ್ಟರ ಕೆಲಸ ಎಂದರು. ನರ್ಸುಗಳು, ಪೇಶಂಟುಗಳು ಎಲ್ಲರೂ ಕೇಳಿಸಿಕೊಂಡರು. ನಾನು ಕೇಸ್ ಪೇಪರ್ ನೋಡುತ್ತ ನಿಂತೆ.

ಆಪಾ ದನಿ ಏರಿಸಲಿಲ್ಲ. ತಾನು ಗುಂಡಿ ಒತ್ತಿದ್ದೇನೆ, ಎದೆಯ ಫಿಲ್ಮು ತಯಾರಿದೆ, ಆದರೆ ಅದು ತನ್ನ ಕಪಾಟಿನಲ್ಲೇ ಇರುತ್ತದೆ ಎಂದು ಅಷ್ಟೇ ಸ್ಪಷ್ಟವಾದ ಹಿಂದಿಯಲ್ಲಿ ಹೇಳಿದರು. ಎದೆಯ ಫಿಲ್ಮಿಲ್ಲದೆ ಅರಿವಳಿಕೆ ಇಲ್ಲ. ಅದು ಹಿರಿಯರೇ ಮಾಡಿದ ನಿಯಮ. ಆಮೇಲೆ ಹುಸೇನಸಾಬರ ಮಂಚದ ಬಳಿಗೆ ಹೋಗಿ ಕನ್ನಡಕ್ಕೆ ತಿರುಗಿದರು.

“ಕಾಗದಕ್ಕ ಸಹಿ ಮಾಡೀರೇನು?”

“ಇಲ್ರಿ ಆಪಾ. ಸಂಜಿಕ ಮಾಡ್ರಿ ಅಂದಾರ.”

“ನನ್ನ ಮಾರಿ ನೋಡ್ರಿ. ನಾ ಕೇಳದ ಸಹಿ ಮಾಡಿದಾಕಿ.”

ಹುಸೇನಸಾಬರು ನೋಡಿದರು. ಬಹಳ ಹೊತ್ತು ನೋಡಿದರು. “ಸೀಟಿ ಹೊಡ್ಯಾಕ ಬರತೈತೇನ್ರಿ ನಿಮಗ?” ಎಂದು ಕೇಳಿದರು.

ಆಪಾ ಇಡೀ ವಾರ್ಡಿನ ಎದುರು ತುಟಿ ಮಡಿಸಿ ಊದಿದರು. ಎಡಗಡೆಯಿಂದ ಗಾಳಿ ಫುಸ್ಸೆಂದು ಹೋಯಿತು. ಮತ್ತೆ ಊದಿದರು. ಮತ್ತೆ ಅಷ್ಟೇ. ಸೋರಿದ ಜೊಲ್ಲನ್ನು ಕರ್ಚೀಫಿನಿಂದ ಒರೆಸಿಕೊಂಡರು. ತನ್ನ ಊನವನ್ನು ಹೀಗೆ ಎತ್ತಿ ತೋರಿಸುವುದಕ್ಕೆ ಎಷ್ಟು ಗುಂಡಿಗೆ ಬೇಕೆಂದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

“ಹಂಗಾರ ಚಿತ್ರ ಬರೂತನಾ ನಾ ಸಹಿ ಮಾಡಂಗಿಲ್ಲ,” ಎಂದರು ಹುಸೇನಸಾಬರು.

ಹಿರಿಯರು ಮುಂದಿನ ಮಂಚಕ್ಕೆ ಹೋದರು. ಸಂಜೆ ಆಪಾ ಸ್ಕ್ಯಾನಿನ ಅರ್ಜಿ ಹಿಡಿದು ನನ್ನ ಕೋಣೆಗೆ ಬಂದರು. ನಾನು ಕಿರಿಯನೆಂದೆ, ನನ್ನ ಸಹಿ ನಡೆಯುವುದಿಲ್ಲವೆಂದೆ, ಕೆಲಸ ಹೋಗಬಹುದೆಂದೆ.

“ಟಾರ್ಚ್ ಹಿಡದವರು ಯಾರ್ರಿ?” ಎಂದರು. “ಕಂಡದ್ದನ್ನ ಬರೀರಿ. ಇಲ್ಲಾ ಕಾಣಲಿಲ್ಲ ಅಂತ ಬರೀರಿ. ಎರಡರಾಗ ಒಂದು.”

ಸಹಿ ಹಾಕಿದೆ. ಗುರುವಾರ ಆಪಾ ರಜೆ ಹಾಕಿ ಹುಸೇನಸಾಬರನ್ನು ತಾವೇ ಬಸ್ಸಿನಲ್ಲಿ ಪಣಜಿಗೆ ಕರೆದುಕೊಂಡು ಹೋದರು. ಸಂಜೆ ಲಕೋಟೆಯೊಂದಿಗೆ ವಾಪಸಾದವರು ನೇರವಾಗಿ ಹಿರಿಯರ ಕೋಣೆಗೆ ಹೋಗಿ, ಬೆಳಕಿನ ಪೆಟ್ಟಿಗೆಗೆ ಫಿಲ್ಮು ಸಿಕ್ಕಿಸಿದರು. ನಾನು ಬಾಗಿಲಲ್ಲಿದ್ದೆ. ಗಡ್ಡೆ ಡಂಬೆಲ್ಲಿನಂತಿತ್ತು: ಹೊರಗೊಂದು ಉಂಡೆ, ಗಂಟಲ ಗೋಡೆಗೆ ಒತ್ತಿಕೊಂಡು ಇನ್ನೂ ದೊಡ್ಡದೊಂದು ಉಂಡೆ, ನಡುವೆ ಎಲುಬುಗಳ ಸಂದಿಯಲ್ಲಿ ಸಣ್ಣ ಸೊಂಟ.

ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಶುಕ್ರವಾರದ ಪಟ್ಟಿಯಿಂದ ಒಂದು ಹೆಸರನ್ನು ತಾವೇ ಹೊಡೆದು ಹಾಕಿದರು.

ಎರಡು ವಾರದ ನಂತರ, ಬೇರೆಯೇ ಲೆಕ್ಕಾಚಾರದಲ್ಲಿ, ಕುತ್ತಿಗೆಯ ಕಡೆಯಿಂದ ಆಪರೇಷನ್ ಆಯಿತು. ಮಾಡಿದವರು ಹಿರಿಯರೇ. ಆ ಕೈ ನಿಜಕ್ಕೂ ದೊಡ್ಡದು, ಅದನ್ನು ನಾನು ಯಾವತ್ತೂ ಅಲ್ಲಗಳೆಯುವುದಿಲ್ಲ. ಮೊದಲು ನರವನ್ನು ಹುಡುಕಿದರು. ಅದು ಗಡ್ಡೆಯ ಮೇಲೆ, ಚರ್ಮದ ಬುಡಕ್ಕೇ ಬಂದು ಬಿಳಿ ನೂಲಿನ ಹಾಗೆ ಎಳೆದುಕೊಂಡು ನಿಂತಿತ್ತು. ಅವರ ಕೈ ಅಲ್ಲೇ ತಡೆಯಿತು. “ಪಳೆ,” ಎಂದರು ನನಗೆ. ನೋಡು ಎಂದು. ಗಡ್ಡೆ ಇಡಿಯಾಗಿ ಹೊರಬಂತು, ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ಹುಸೇನಸಾಬರ ತುಟಿ ಒಂದೂವರೆ ತಿಂಗಳು ಸ್ವಲ್ಪ ಸೊಟ್ಟಗಿತ್ತು. ಆಮೇಲೆ ಒಂದು ದಿನ ಹೊರರೋಗಿಗಳ ಸಾಲಿನಲ್ಲಿ ನಿಂತವರು ಸೀಟಿ ಹೊಡೆದು ನರ್ಸಿನಿಂದ ಬೈಸಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚಂದವಿತ್ತು. ತಪ್ಪು ಮಾಡಿದವರನ್ನು ಕ್ಷಮಿಸಬಹುದು. ಸರಿಯಿದ್ದವರನ್ನು ಕ್ಷಮಿಸುವುದು ಕಷ್ಟ. ಆಪಾಗೆ ಮೆಮೋ ಬಂತು: ಎದೆಯ ಫಿಲ್ಮು ಬಚ್ಚಿಟ್ಟಿದ್ದು, ಪೇಶಂಟನ್ನು ಎತ್ತಿಕಟ್ಟಿದ್ದು, ವೈದ್ಯರ ಅಧಿಕಾರದಲ್ಲಿ ಕೈಹಾಕಿದ್ದು. ವಿಷಾದ ಸೂಚಿಸಿ ಬರೆದುಕೊಟ್ಟರೆ ಮುಗಿಯಿತು ಎಂದು ಆಫೀಸಿನವರು ಖಾಸಗಿಯಾಗಿ ಹೇಳಿದರು. ಆಪಾ ಮೆಮೋದ ಕೆಳಗೆ ‘ಫಿಲ್ಮು ಬಚ್ಚಿಟ್ಟಿಲ್ಲ. ಎಲ್ಲಿದೆ ಎಂದು ಹೇಳಿಯೇ ಇಟ್ಟಿದ್ದೆ’ ಎಂದು ಬರೆದು ಕೊಟ್ಟರು.

ವಿಚಾರಣೆಗೆ ಟ್ರಸ್ಟಿನ ಮೂವರು ಕೂತರು. ನನ್ನನ್ನೂ ಕರೆದರು. ಸ್ಕ್ಯಾನು ಬೇಕೆಂದು ತೀರ್ಮಾನಿಸಿದವರು ಯಾರು ಎಂದು ಕೇಳಿದರು. “ಅರ್ಜಿ ಅವರು ತಂದರು, ನಾನು ಸಹಿ ಹಾಕಿದೆ,” ಎಂದೆ. ಸುಳ್ಳಲ್ಲ. ಆದರೆ ಟಾರ್ಚ್ ಹಿಡಿದು ಗಂಟಲಿನ ಉಬ್ಬನ್ನು ಕಂಡವನು ನಾನು, ಸ್ಕ್ಯಾನು ಬೇಕೆಂಬುದು ವೈದ್ಯನಾಗಿ ನನ್ನದೇ ಅಭಿಪ್ರಾಯವಾಗಿತ್ತು ಎಂದು ಒಂದು ವಾಕ್ಯ ಸೇರಿಸಿದ್ದರೆ ಆಪಾ ಮೇಲಿನ ದೊಡ್ಡ ಆರೋಪ ಬಿದ್ದುಹೋಗುತ್ತಿತ್ತು. ಆ ವಾಕ್ಯ ನನ್ನ ಬಾಯಿಂದ ಬರಲಿಲ್ಲ. ನನ್ನ ಕೆಲಸ ಖಾಯಂ ಆಗುವ ಹೊತ್ತು ಅದು. ಎದುರು ಕೂತಿದ್ದ ಆಪಾ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಅವರನ್ನು ಉತ್ತರ ಗೋವಾದ ಸಾಂಖಳಿಯಲ್ಲಿದ್ದ ಟ್ರಸ್ಟಿನ ಸಣ್ಣ ದವಾಖಾನೆಗೆ ಹಾಕಿದರು. ಮೂರು ಕೋಣೆ, ಕಿರುಗುಟ್ಟುವ ಒಂದು ಹಳೆಯ ಎಕ್ಸ್‌ರೇ ಯಂತ್ರ. ಅಲ್ಲಿಗೆ ಕಳಿಸಿದರೆ ತಾವಾಗಿಯೇ ಕೆಲಸ ಬಿಡುತ್ತಾರೆ ಎಂಬುದು ಟ್ರಸ್ಟಿನವರ ಲೆಕ್ಕವಾಗಿತ್ತು.

ಮೂರು ವರ್ಷದ ಮೇಲೆ ನಾನು ಗೋವಾ ಬಿಟ್ಟು ಹುಬ್ಬಳ್ಳಿಗೆ ಹೊರಟೆ. ಹೋಗುವ ಮೊದಲು ಸಾಂಖಳಿಗೆ ಹೋದೆ. ದವಾಖಾನೆಯ ಹೊರಗೆ ಕಲ್ಲಿನ ಕಟ್ಟೆಯ ಮೇಲೆ ಜನ ಕಿಕ್ಕಿರಿದು ಕೂತಿದ್ದರು. ಪಣಜಿ ಹತ್ತಿರದ ಚಿಂಬಲ್‌ನಿಂದ ಎರಡು ಬಸ್ ಬದಲಿಸಿ ಬಂದ ಗಾರೆ ಕೆಲಸದ ಹೆಂಗಸೊಬ್ಬಳು, “ಅಲ್ಲೇ ಹತ್ರ ದೊಡ್ಡ ದವಾಖಾನಿ ಐತ್ರಿ, ಆದ್ರ ಇಲ್ಲಿ ಆಪಾ ತಿಳಿಸಿ ಹೇಳ್ತಾರ,” ಎಂದಳು. ಒಳಗೆ ಗೋಡೆಯ ಮೇಲೆ ಕನ್ನಡ, ಕೊಂಕಣಿ, ಮರಾಠಿಯಲ್ಲಿ ಕೈಬರಹದ ಹಾಳೆ: ಕೊಯ್ಯುವ ಮೊದಲು ಒಳಗೇನಿದೆ ಎಂದು ಕೇಳಿ. ಕೇಳುವುದು ತಪ್ಪಲ್ಲ. ಟ್ರಸ್ಟಿನವರು ಎರಡು ಸಲ ಹರಿದಿದ್ದರಂತೆ. ಅದು ಮೂರನೆಯ ಹಾಳೆ.

ಆಪಾಗೆ ಕೂದಲು ನರೆತಿತ್ತು. ಚಹಾ ತರಿಸಿದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಶುರುಮಾಡಿದೆ. ಅವತ್ತು ವಿಚಾರಣೆಯಲ್ಲಿ ನಾನು ಹೇಳಬೇಕಾಗಿದ್ದದ್ದು, ಹೇಳದೆ ಬಿಟ್ಟದ್ದು, ಆಮೇಲೆ ನಿದ್ದೆ ಬಾರದ್ದು.

“ಗೊತ್ತೈತ್ರಿ,” ಎಂದರು. “ನೀವು ಹೇಳಿದ್ದು ಸುಳ್ಳಲ್ಲ, ಪೂರಾನೂ ಅಲ್ಲ.”

“ಮಾಫಿ ಕೇಳಾಕ ಬಂದೀನಿ ಆಪಾ.”

“ಮಾಫಿ ತಗೊಂಡು ನಾ ಏನ್ ಮಾಡ್ಲಿ? ಅದನ್ನ ಎಲ್ಲಿ ತೂಗಹಾಕ್ಲಿ?” ಮೇಜಿನ ಖಾನೆ ಎಳೆದು ಒಂದು ಬಿಳಿ ಹಾಳೆ, ಪೆನ್ನು ತೆಗೆದು ನನ್ನ ಮುಂದಿಟ್ಟರು. “ಬರೀರಿ. ಅವತ್ತ ಏನ್ ನೋಡಿದ್ರಿ, ಏನ್ ಅನಿಸಿತ್ತು, ಯಾಕ ಸಹಿ ಹಾಕಿದ್ರಿ. ಖರೇ ಖರೇ ಬರದು ಟ್ರಸ್ಟಿಗೆ ಕಳಸ್ರಿ.”

“ಈಗ ಬರದ್ರ ಏನ್ ಉಪಯೋಗ? ಮೂರು ವರ್ಷ ಆತು.”

“ಮೂವತ್ತು ಆಗ್ಲಿ. ಕಡತದಾಗ ನನ್ನ ಬಗ್ಗೆ ಒಂದು ತಪ್ಪ ಚಿತ್ರ ಕುಂತೈತಿ. ಅದನ್ನ ಹಂಗ ಬಿಡಾಕ ನಾ ತಯಾರಿಲ್ಲ.”

ಬರೆದೆ. ಎರಡು ಪುಟವಾಯಿತು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಒಂದು ಕಡೆ ನಾನು ‘ಬಹುಶಃ’ ಎಂದು ಬರೆದಿದ್ದೆ. ಅದರ ಮೇಲೆ ಬೆರಳಿಟ್ಟರು. “ಬಹುಶಃನೋ, ಖರೇನೋ?” ನಾನು ಆ ಪದ ಹೊಡೆದು ಹಾಕಿದೆ. ಆಪಾ ಧನ್ಯವಾದ ಹೇಳಲಿಲ್ಲ. ಬಾಗಿಲಿಗೆ ಹೋಗಿ ಮುಂದಿನ ಪೇಶಂಟನ್ನು ಕರೆದರು.

ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ ನಾನು ಗೋವಾ ಬಿಟ್ಟೆ. ಹಿರಿಯ ಸರ್ಜನ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ತಿಂಗಳುಗಳ ಮೇಲೆ ಟ್ರಸ್ಟಿನ ಪತ್ರದ ನಕಲೊಂದು ಹುಬ್ಬಳ್ಳಿಗೆ ಬಂತು. ಮೆಮೋ ಹಿಂತೆಗೆದುಕೊಂಡಿದ್ದರು. ಆಪಾ ಮರಳಿ ದೊಡ್ಡ ಆಸ್ಪತ್ರೆಗೆ ಬರಬಹುದು, ಅಲ್ಲಿಗೆ ಹೊಸ ಅಲ್ಟ್ರಾಸೌಂಡ್ ಯಂತ್ರ ಬರಲಿದೆ, ಅನುಭವಿಗಳು ಬೇಕಾಗಿದ್ದಾರೆ ಎಂದು ಬರೆದಿದ್ದರು. ನಾನು ಸಂತೋಷದಿಂದ ಸಾಂಖಳಿಗೆ ಫೋನು ಮಾಡಿದೆ.

“ನಾ ಏನ್ ಲಾರಿ ಏನ್ರಿ,” ಎಂದರು ಆಪಾ, “ಗೇರ್ ಹಾಕಿದಾಗ ಮುಂದ, ರಿವರ್ಸ್ ಹಾಕಿದಾಗ ಹಿಂದ ಹೋಗಾಕ?”

ಟ್ರಸ್ಟಿನ ಆ ಪತ್ರದ ಹಿಂಬದಿಯಲ್ಲೇ ಎರಡು ಸಾಲು ಬರೆದು ಅವರು ವಾಪಸು ಕಳಿಸಿದ್ದರು: ‘ನಾನು ಅಲ್ಲಿಗೆ ಬರುವುದಿಲ್ಲ. ಯಂತ್ರವನ್ನು ಇಲ್ಲಿಗೆ ಕಳಿಸಿರಿ.’

ಆಸ್ಪತ್ರೆಯಲ್ಲಿ ಇದನ್ನು ನಗೆಚಾಟಿಕೆ ಮಾಡಿಕೊಂಡರೆಂದು ಕೇಳಿದೆ. ಆಪಾ ಪ್ರತಿ ತಿಂಗಳೂ ಅದೇ ಎರಡು ಸಾಲನ್ನು ಹೊಸ ಹಾಳೆಯಲ್ಲಿ ಬರೆದು ಕಳಿಸುತ್ತ ಹೋದರು. ಎರಡು ಮಳೆಗಾಲ ಕಳೆದ ಮೇಲೆ ನನಗೊಂದು ಅಂಚೆ ಕಾರ್ಡು ಬಂತು. ಮೇಲೆ ತಾರೀಖಿಲ್ಲ, ಕೆಳಗೆ ಹೆಸರಿಲ್ಲ.

‘ಯಂತ್ರ ಬಂತ್ರಿ. ಹೊರಗ ಭಾಳ ಮಂದಿ ಕುಂತಾರ. ಆಮ್ಯಾಲೆ ಬರೀತೀನಿ.’